ಕರಣಿಯಿಂದ ಹಾಜರಿ ಪುಸ್ತಕಕ್ಕೆ



ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಹಳ್ಳಿಗಳಿಂದ ಎಷ್ಟೋ ಮಂದಿ ದುಡಿಮೆಗಾಗಿ ಹೈದರಾಬಾದ್, ಪುಣೆಗಳತ್ತ ಹೋಗುತ್ತಾರೆ. ನೀವು ಗೋರ್ಟಾ (ಬಿ)ಯ ಗೌಂಡಿಯೆಂದೇ ಇಟ್ಟುಕೊಳ್ಳಿ. ಹಲವು ವರ್ಷ ಇಟ್ಟಿಗೆ ಹೊತ್ತು, ಗೋಡೆ ಕಟ್ಟಿದ ಮೇಲೆ ಒಂದು ದಿನ ಗುತ್ತಿಗೆದಾರ, "ನಾಳೆಯಿಂದ ನೀನೇ ಮೇಸ್ತ್ರಿ" ಎನ್ನುತ್ತಾನೆ. ಕೈಯಲ್ಲಿದ್ದ ಕರಣಿ ಹೋಗಿ ಹಾಜರಿ ಪುಸ್ತಕ ಬರುತ್ತದೆ. ಮನೆಮಂದಿಗೆಲ್ಲ ಸಂತೋಷ. ಸಂತೋಷ ಪಡಿರಿ, ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸಿರಿ. ಆದರೆ ಇದು ಬರೀ ಬಡ್ತಿಯಲ್ಲ, ಅಮಾನತ್ತು ಎಂಬುದನ್ನು ಮರೆಯದಿರಿ.

ನಿನ್ನೆಯವರೆಗೆ ನಿಮ್ಮ ಕೆಲಸಕ್ಕೆ ಮಾತ್ರ ನೀವು ಹೊಣೆ. ಇಂದು ಹತ್ತು ಮಂದಿಯ ಬೆವರಿಗೂ ನೀವೇ ಹೊಣೆ. ಪ್ರತಿಯೊಬ್ಬನೂ ಒಬ್ಬ ಕುರುಬ, ಅವನ ಮಂದೆಯ ಕುರಿತು ಅವನನ್ನು ವಿಚಾರಿಸಲಾಗುವುದೆಂದು ಪ್ರವಾದಿವರ್ಯರು(ಸ) ಕಲಿಸಿದರು. ಅವರು ಸ್ವತಃ ಮಕ್ಕಾದವರ ಕುರಿಗಳನ್ನು ಕೂಲಿಗೆ ಮೇಯಿಸಿದವರು. ಮುಂದೆ ಸಮುದಾಯದ ನಾಯಕರಾದಾಗಲೂ ಮದೀನಾದ ಮಸೀದಿಗೆ ಇಟ್ಟಿಗೆ ಹೊತ್ತರು. ಹಿಜರಿ 5ರಲ್ಲಿ ಕಂದಕ ತೋಡುವಾಗ ಸಂಗಾತಿಗಳೊಂದಿಗೆ ತಾವೂ ಮಣ್ಣು ಹೊತ್ತರು.

ಮೂಸಾರನ್ನು(ಅ) ಕೆಲಸಕ್ಕಿಟ್ಟುಕೊಳ್ಳಲು ಮದ್ಯನ್‌ನ ಯುವತಿಯು ತಂದೆಗೆ ಸೂಚಿಸಿದಾಗ ಅವರ ಎರಡು ಗುಣಗಳನ್ನು ಹೇಳಿದಳೆಂದು ಸೂರಃ ಅಲ್‌ಕಸಸ್ ತಿಳಿಸುತ್ತದೆ: ಬಲ ಮತ್ತು ಪ್ರಾಮಾಣಿಕತೆ. ಕೂಲಿಯಾಗಿದ್ದಾಗ ನಿಮ್ಮ ತೋಳ್ಬಲ ಅನ್ನ ನೀಡಿತು. ಮೇಸ್ತ್ರಿಯಾದ ಮೇಲೆ ಪ್ರಾಮಾಣಿಕತೆಯೇ ನಿಮ್ಮ ಬಂಡವಾಳ.

ತೂಕದಲ್ಲಿ ಮೋಸ ಮಾಡುವವರನ್ನು ಕುರ್‌ಆನ್ ಕಠಿಣವಾಗಿ ಎಚ್ಚರಿಸಿದೆ. ಹಾಜರಿ ಪುಸ್ತಕವೂ ಒಂದು ತಕ್ಕಡಿಯೇ. ಪೂರ್ತಿ ದಿನ ದುಡಿದವನಿಗೆ ಅರ್ಧ ದಿನ ಬರೆಯುವುದು ಮೋಸ. ಬಾರದ ನೆಂಟನಿಗೆ ಹಾಜರಿ ಹಾಕುವುದೂ ಮೋಸವೇ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ನಿಮ್ಮ ಪುಸ್ತಕದಲ್ಲಿ ತಪ್ಪಿಹೋದ ಒಂದು ಗೆರೆ ಒಬ್ಬ ಬಡವನ ಮಕ್ಕಳ ವಿದ್ಯಾರ್ಥಿ ವೇತನವನ್ನೇ ತಪ್ಪಿಸಬಹುದು. ಆ ಪುಸ್ತಕದಲ್ಲಿ ಜಾತಿ, ಧರ್ಮ, ನೆಂಟಸ್ತಿಕೆಗಳಿಗೆ ಜಾಗವಿರಕೂಡದು. ಯಾರ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಸರಿಸದಿರಲೆಂಬುದು ಅಲ್ಲಾಹನ ಆಜ್ಞೆ.

ಕೂಲಿಯ ಹಣ ನಿಮ್ಮ ಕೈ ಸೇರಿದ ಮೇಲೂ "ಸಾಹುಕಾರ್ರು ಇನ್ನೂ ಕೊಟ್ಟಿಲ್ಲ" ಎನ್ನದಿರಿ. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನು. ಆ ಮೊಕದ್ದಮೆಯಲ್ಲಿ ಯಾವ ವಕೀಲ ನಿಮ್ಮ ಪರ ವಾದಿಸಬಲ್ಲ?

"ಮೆತ್ತಗಿದ್ದರೆ ಕೆಲಸ ನಡೆಯದು" ಎಂದು ನೀವು ಹೇಳಬಹುದು. ಸೋಮಾರಿತನವನ್ನು ಸಹಿಸಬೇಕೆಂದು ಇಸ್ಲಾಮ್ ಹೇಳುವುದಿಲ್ಲ. ತಪ್ಪನ್ನು ತಿದ್ದಿರಿ, ಆದರೆ ತಾಯಿ ತಂದೆಯರನ್ನೆತ್ತಿ ಬೈಯದಿರಿ. ಹತ್ತು ವರ್ಷ ಸೇವೆ ಮಾಡಿದ ಅನಸ್‌ರಿಗೆ(ರ) ಪ್ರವಾದಿವರ್ಯರು(ಸ) ಒಮ್ಮೆಯೂ "ಛೆ" ಎಂದವರಲ್ಲ. ಶಕ್ತಿಮೀರಿದ ಹೊರೆ ಹೊರಿಸಬಾರದು, ಹೊರಿಸಿದರೆ ನೀವೂ ಕೈಗೂಡಿಸಬೇಕು ಎಂಬುದು ಅವರ ಬೋಧನೆ. ಮದಾಇನ್‌ನ ರಾಜ್ಯಪಾಲರಾಗಿದ್ದ ಸಲ್ಮಾನ್ ಫಾರಿಸೀಯವರನ್ನು(ರ) ಅಪರಿಚಿತನೊಬ್ಬ ಹಮಾಲನೆಂದು ತಿಳಿದು ಹೊರೆ ಹೊರಿಸಿದನಂತೆ. ಅವರು ಯಾರೆಂಬುದು ಗೊತ್ತಾಗಿ ಅವನು ಗಾಬರಿಗೊಂಡರೂ ಅವರು ಆ ಹೊರೆಯನ್ನು ಅವನ ಮನೆಗೆ ಮುಟ್ಟಿಸಿದರೆಂದು ವರದಿಯಾಗಿದೆ.

ಬಿಸಿಲಲ್ಲಿ ಬಾಯಾರಿಕೆ ಹೇಗಿರುತ್ತದೆ, ಕೂಲಿ ಸಿಗದ ದಿನ ಮನೆ ಹೇಗಿರುತ್ತದೆ ಎಂಬುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಆ ನೆನಪೂ ಅಲ್ಲಾಹನು ಕೊಟ್ಟ ಅನುಗ್ರಹವೇ. ನೆರಳಲ್ಲಿ ಕುಳಿತಾಗ ಅದನ್ನು ಕಳೆದುಕೊಳ್ಳಬೇಡಿ. ನೀವು ಬರೆಯುವ ಹಾಜರಿಯ ಜೊತೆಗೇ ನಿಮ್ಮ ಹಾಜರಿಯನ್ನೂ ಬರೆಯಲಾಗುತ್ತಿದೆ.

ನಮ್ಮ ಕೈಕೆಳಗಿನವರೊಂದಿಗೆ ನ್ಯಾಯದಿಂದ ವರ್ತಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.