ಆಟದ ಮಾತು ಮತ್ತು ಸತ್ಯಾಣುವ್ರತ

ಅಣುವ್ರತಗಳನ್ನು ಸ್ವೀಕರಿಸಿದ ತರುಣನೊಬ್ಬನು ಗೆಳೆಯರೊಡನೆ ಕುಳಿತು ‘ಬ್ಲಫ್’ ಎಂಬ ಇಸ್ಪೀಟಿನ ಆಟವನ್ನು ಆಡಬಹುದೇ? ಹಣವಿಲ್ಲ, ಪಣವಿಲ್ಲ, ರಜೆಯ ದಿನದ ವಿನೋದವಷ್ಟೆ. ಆದರೆ ಆ ಆಟದ ಜೀವಾಳವೇ ಸುಳ್ಳು. ಆಡಿದರೆ ವ್ರತಕ್ಕೆ ಊನ ಬಂದೀತೆಂಬ ಅಳುಕು. ಒಲ್ಲೆನೆಂದರೆ ಗೆಳೆಯರ ಕೂಟದಿಂದ ದೂರವಾಗುವ ಸಂಕಟ. “ಅದೆಲ್ಲ ಕೆಟ್ಟದ್ದು” ಎಂದು ಹಿರಿಯರು ಒಂದೇ ಮಾತಿನಲ್ಲಿ ತಳ್ಳಿಹಾಕುವುದುಂಟು. ಅಷ್ಟರಿಂದ ಪ್ರಶ್ನೆ ತೀರುವುದಿಲ್ಲ.

ಮೊದಲು ಆಟದ ಸ್ವರೂಪವನ್ನು ತಿಳಿಯೋಣ. 52 ಎಲೆಗಳನ್ನೂ ಕುಳಿತವರಿಗೆಲ್ಲ ಹಂಚಲಾಗುತ್ತದೆ. ನಾಲ್ವರಿದ್ದರೆ ತಲಾ 13. ಮೊದಲಿಗನು ಕೆಲವು ಎಲೆಗಳನ್ನು ಕವುಚಿ ನಡುವೆ ಇಟ್ಟು “ಎರಡು ಏಳು” ಎಂದು ಸಾರುತ್ತಾನೆ. ಅವು ಏಳೇ ಆಗಿರಬೇಕೆಂದಿಲ್ಲ. ಮುಂದಿನವನು ತಾನೂ ಏಳೆಂದು ಹೇಳಿ ಎಲೆಯಿಡಬಹುದು, ‘ಪಾಸ್’ ಎಂದು ಬಿಡಬಹುದು, ಇಲ್ಲವೆ ಹಿಂದಿನವನ ಮಾತನ್ನು ಶಂಕಿಸಿ ಎಲೆಗಳನ್ನು ಮಗುಚಿ ನೋಡಬಹುದು. ಸುಳ್ಳಾಗಿದ್ದರೆ ಹೇಳಿದವನು, ನಿಜವಾಗಿದ್ದರೆ ಶಂಕಿಸಿದವನು, ರಾಶಿಯನ್ನೆಲ್ಲ ಎತ್ತಿಕೊಳ್ಳಬೇಕು. ಮೊದಲು ಕೈ ಬರಿದಾದವನೇ ಗೆದ್ದವನು. ಕಟ್ಟಿನಲ್ಲಿ ಏಳುಗಳು ನಾಲ್ಕೇ. ನನ್ನ ಕೈಯಲ್ಲಿಯೇ ಮೂರಿರುವಾಗ ಎದುರಿನವನು ಎರಡೆಂದರೆ ಅವನ ಮಾತು ಸುಳ್ಳೆಂಬುದು ನಿಶ್ಚಯ. ಚೆನ್ನಾಗಿ ಆಡಬಲ್ಲವನು ಬಹುಪಾಲು ನಿಜವನ್ನೇ ಹೇಳುತ್ತಾನೆ. ಹಾಗೆ ಗಳಿಸಿದ ನಂಬಿಕೆಯನ್ನು ನಡುವೆ ಒಂದೆರಡು ಬಾರಿ ವ್ಯಯಮಾಡುತ್ತಾನೆ. (ಪೇಟೆಯ ವಂಚಕರ ಕ್ರಮವೂ ಇದೇ ಎಂಬುದನ್ನು ವಾಚಕರು ಬಲ್ಲರು.)

ಪಣವಿಟ್ಟು ಆಡಿದರೆ ವಿಚಾರಕ್ಕೆ ಅವಕಾಶವೇ ಇಲ್ಲ. ಅದು ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತ. ಸೋತವನು ಎಲ್ಲರ ಕಾಫಿಯ ಖರ್ಚು ಕೊಡಬೇಕೆಂಬ ಸಣ್ಣ ಕರಾರೂ ಪಣವೇ ಸರಿ.

ಪಣವಿಲ್ಲದ ಆಟದ ವಿಷಯವು ಬೇರೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಗೃಹಸ್ಥನಿಗೆ ವಿಧಿಸಿರುವುದು ಸ್ಥೂಲ ಅಸತ್ಯದ ತ್ಯಾಗವನ್ನು. ಪರರಿಗೆ ವಿಪತ್ತನ್ನು ತರುವ ನಿಜವನ್ನೂ ಆಡಬಾರದೆಂಬುದು ಅವರ ಮತ. ಆದುದರಿಂದ ನುಡಿಯು ವಸ್ತುಸ್ಥಿತಿಗೆ ಹೊಂದುತ್ತದೆಯೇ ಎಂಬುದೊಂದೇ ಅಳತೆಗೋಲಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ನೋಡಿರಿ: ಮಿಥ್ಯೋಪದೇಶ, ರಹಸ್ಯದ ಪ್ರಕಟನೆ, ಸುಳ್ಳು ಲೇಖ, ಇಟ್ಟ ಒತ್ತೆಯ ಅಪಹಾರ, ಇಂಗಿತವನ್ನರಿತು ಬಯಲುಮಾಡುವುದು. ಎಲ್ಲದರಲ್ಲಿಯೂ ನಂಬಿದವನೊಬ್ಬನಿಗೆ ಕೇಡಿದೆ. ಆಟದಲ್ಲಾದರೋ ಮಾತನ್ನು ಸಾಕ್ಷ್ಯವಾಗಿ ಎಣಿಸಬಾರದೆಂದು ಎಲ್ಲರೂ ಮೊದಲೇ ಒಪ್ಪಿ ಕುಳಿತಿರುತ್ತಾರೆ. ರಂಗದ ಮೇಲೆ ತಾನು ರಾಮನೆನ್ನುವ ನಟನು ಸುಳ್ಳುಗಾರನಲ್ಲ.

ಹಾಗೆಂದು “ತಮಾಷೆಗೆ ಹೇಳಿದ್ದು” ಎಂಬ ಸಮಾಧಾನವೂ ಸಾಲದು. ಅದೇ ಅಧ್ಯಾಯದಲ್ಲಿ ಸತ್ಯವ್ರತವು ಸ್ಥಿರವಾಗಲೆಂದು ಹೇಳಿದ ಐದು ಭಾವನೆಗಳಲ್ಲಿ ಕ್ರೋಧ, ಲೋಭ, ಭಯಗಳ ತ್ಯಾಗದ ಜೊತೆಗೆ ಹಾಸ್ಯದ ತ್ಯಾಗವೂ ಸೇರಿದೆ. ನಗೆಯಲ್ಲಿ ನಾಲಗೆ ಸಡಿಲವಾಗುವುದನ್ನು ಆಚಾರ್ಯರು ಕಡೆಗಣಿಸಲಿಲ್ಲ.

ಇನ್ನೂ ಸೂಕ್ಷ್ಮವಾದುದೊಂದಿದೆ. ಕೈಯಲ್ಲಿ ನಿಜವಾಗಿ ಎರಡು ಏಳಿರುವವನೊಬ್ಬನು ಬೇಕೆಂದೇ ದನಿ ತಡವರಿಸಿ, ಕಣ್ಣು ತಪ್ಪಿಸಿ, ಗೆಳೆಯನು ಶಂಕಿಸುವಂತೆ ಮಾಡಿ ಅವನ ತಲೆಗೆ ರಾಶಿಯನ್ನು ಕಟ್ಟುತ್ತಾನೆ. ಅವನು ಆಡಿದ ಮಾತೆಲ್ಲ ನಿಜ. ಪಕ್ಕದ ಹುಡುಗನು “ಮೂರು ರಾಣಿ” ಎಂದು ಸುಳ್ಳಾಡಿ ನಗು ತಡೆಯಲಾರದೆ ಸಿಕ್ಕಿಬೀಳುತ್ತಾನೆ. ಇವರಲ್ಲಿ ಮಾಯೆಗೆ ಹತ್ತಿರವಿರುವವನು ಯಾರು? ನನಗೆ ಸಂದೇಹವಿಲ್ಲ, ಮೊದಲನೆಯವನೇ. ವ್ರತಿಯು ಶಲ್ಯರಹಿತನಾಗಿರಬೇಕು, ಮೂರು ಶಲ್ಯಗಳಲ್ಲಿ ಮಾಯೆಯೂ ಒಂದು. ದಶಲಕ್ಷಣ ಪರ್ವದ ಮೂರನೆಯ ದಿನ ನಾವು ಚಿಂತಿಸುವ ಉತ್ತಮ ಆರ್ಜವವು ಮನ, ವಚನ, ಕಾಯಗಳು ಒಂದೇ ದಾರಿಯಲ್ಲಿ ನಡೆಯುವುದನ್ನು ಬಯಸುತ್ತದೆ, ಬರಿಯ ನಾಲಗೆಯನ್ನಲ್ಲ.

ಆದುದರಿಂದ, ಪಣವಿಲ್ಲದೆ ಗೆಳೆಯರೊಡನೆ ಆಡಿದ ಮಾತ್ರಕ್ಕೆ ಗೃಹಸ್ಥನ ವ್ರತವು ಭಂಗವಾಯಿತೆಂದು ನಾನು ಹೇಳಲಾರೆ. ಆದರೆ ಎಲೆಗಳನ್ನು ಕಟ್ಟಿಟ್ಟ ಮೇಲೆಯೂ ಆ ಚಾತುರ್ಯವು ಕೈಬಿಡದೆ, ಅಂಗಡಿಯಲ್ಲಿ ಗಿರಾಕಿಯ ಮುಖ ನೋಡಿ ಎಷ್ಟು ನಂಬಿಯಾನೆಂದು ಅಳೆಯುವ ಅಭ್ಯಾಸ ತಲೆದೋರಿದರೆ ಅಂಥವನು ಆಟವನ್ನು ಬಿಡುವುದು ಲೇಸು. ಅಳುಕುಳ್ಳವನಿಗೆ ನಿಯಮದಲ್ಲಿಯೇ ಒಂದು ದಾರಿಯಿದೆ: ಎಲೆಯಿದ್ದಾಗ ನಿಜ ಹೇಳುವುದು, ಇಲ್ಲದಾಗ ಪಾಸ್ ಎನ್ನುವುದು. ಅವನನ್ನು ಯಾರೂ ಶಂಕಿಸರು. ಗೆಳೆಯರಿಗೆ ಸ್ವಾರಸ್ಯ ಕೊಂಚ ಕುಗ್ಗೀತು, ಕುಗ್ಗಲಿ. ಎಕ್ಕದಿಂದ ರಾಜನವರೆಗೆ ಸರದಿಯಂತೆ ಹೇಳಲೇಬೇಕು, ಪಾಸ್ ಇಲ್ಲ ಎಂಬ ಇನ್ನೊಂದು ಕ್ರಮದಲ್ಲಿ ಸುಳ್ಳು ಅನಿವಾರ್ಯ. ಅಲ್ಲಿ ಅವನು ನೋಡುತ್ತ ಕುಳಿತರಾಯಿತು. ಎರಡೆಂದು ಹೇಳಿ ಗುಟ್ಟಾಗಿ ಮೂರು ಎಲೆ ಜಾರಿಸುವುದು ಮಾತ್ರ, ಎಣಿಕೆಯಲ್ಲಿ ಸುಳ್ಳು ಕೂಡದೆಂದು ಒಪ್ಪಿಕೊಂಡ ಕೂಟದಲ್ಲಿ, ಶುದ್ಧ ವಂಚನೆ.

ಅಷ್ಟಮಿ ಚತುರ್ದಶಿಗಳ ಮಾತು ಉಳಿಯಿತು. ಉಪವಾಸದ ಮಧ್ಯಾಹ್ನ ಹೊತ್ತು ಹೋಗದೆಂದು ಕೆಲವು ಮನೆಗಳಲ್ಲಿ ಎಲೆಗಳು ಹೊರಬರುತ್ತವೆ. ಇಲ್ಲಿ ಸತ್ಯಾಸತ್ಯದ ಚರ್ಚೆಯೇ ಬೇಡ. ಪ್ರೋಷಧೋಪವಾಸದ ಹೊತ್ತು ಸ್ವಾಧ್ಯಾಯಕ್ಕೂ ಧ್ಯಾನಕ್ಕೂ ಮೀಸಲು. ಹಸಿವನ್ನು ಮರೆಯಲು ಆಟವಾಡಿದರೆ ಉಳಿಯುವುದು ಬರಿಯ ಲಂಘನ. ಅಂದು ಎಲೆಗಳ ಕಟ್ಟು ಪಾರಣೆ ಮುಗಿಯುವವರೆಗೆ ಕಪಾಟಿನಲ್ಲಿಯೇ ಇರಲಿ.