ಯಾವ ಕಡೆಯ ಕಿಟಕಿ?

ವಿಮಾನದಲ್ಲಿ ಯಾವ ಕಡೆ ಕುಳಿತರೆ ಬೆಂಗಳೂರು ಚೆನ್ನಾಗಿ ಕಾಣುತ್ತದೆ ಎಂದು ನನ್ನನ್ನು ಕೇಳುವವರುಂಟು. ದೇವನಹಳ್ಳಿಯ ಉತ್ತರಕ್ಕಿರುವ ಆವತಿ ನನ್ನ ಊರು. ಹಗಲಿರುಳು ವಿಮಾನಗಳ ಸದ್ದು ಕೇಳುವವನಿಗೆ ಅವುಗಳ ವಿಷಯ ಗೊತ್ತಿರಲೇಬೇಕೆಂಬುದು ಅವರ ನಂಬಿಕೆ. ಉತ್ತರವೇನೋ ಸುಲಭ. ಕೆಂಪೇಗೌಡ ವಿಮಾನ ನಿಲ್ದಾಣದ ಎರಡು ರನ್‌ವೇಗಳೂ ಪೂರ್ವ-ಪಶ್ಚಿಮವಾಗಿವೆ, ನಗರ ಅವುಗಳ ದಕ್ಷಿಣಕ್ಕಿದೆ. ವಿಮಾನ ಇಳಿಯುವುದು ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಮುಂಗಾರಿನ ಪಡುವಣ ಗಾಳಿಯಲ್ಲಿ ಪಶ್ಚಿಮಕ್ಕೆ ಮುಖಮಾಡಿ ಇಳಿದರೆ ನಗರ ಎಡಕ್ಕೆ. ಚಳಿಗಾಲದ ಮೂಡಣ ಗಾಳಿಯಲ್ಲಿ ಪೂರ್ವಕ್ಕೆ ಮುಖಮಾಡಿ ಇಳಿದರೆ ಬಲಕ್ಕೆ. ಸಾಲಿಗೆ ಆರು ಸೀಟುಗಳ ವಿಮಾನವಾದರೆ ಎಡಗಡೆಯ ಕಿಟಕಿ 'ಎ', ಬಲಗಡೆಯದು 'ಎಫ್'. ರೆಕ್ಕೆಯ ಮೇಲಿನ ಸಾಲುಗಳು ಬೇಡ. ಕೇಳಿದವರಿಗೆ ಇಷ್ಟರಿಂದಲೇ ತೃಪ್ತಿ. ನನಗೆ ಮಾತ್ರ ಒಂದು ಸಂಜೆಯಿಂದ ಈಚೆಗೆ ಈ ಉತ್ತರ ಸಾಲದೆನಿಸಿದೆ.

ಅವ್ವನನ್ನು ಕಾಶಿಗೆ ಕರೆದುಕೊಂಡು ಹೋಗಿದ್ದೆ. ಹಿಂದಿರುಗುವಾಗ ಮಳೆಗಾಲ. ಲೆಕ್ಕ ಹಾಕಿ, ಹೆಚ್ಚಿನ ಹಣ ಕೊಟ್ಟು ಎಡಗಡೆಯ ಕಿಟಕಿಯನ್ನೇ ಹಿಡಿದು ಅವ್ವನನ್ನು ಕೂರಿಸಿದೆ. ನನ್ನ ಲೆಕ್ಕ ತಪ್ಪಲಿಲ್ಲ. ಮೋಡದಿಂದ ಕೆಳಗಿಳಿದಾಗ ನಸುಗತ್ತಲೆ; ದೂರದಲ್ಲಿ ಬೆಂಗಳೂರು ದೀಪಗಳನ್ನು ಹರಡಿಕೊಂಡು ಬಿದ್ದಿತ್ತು. "ನೋಡವ್ವ" ಎಂದೆ. ನೋಡಿದಳು. "ಚೆಂದಾಗೈತೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮೂರು ಯಾವ ಕಡೀಕೈತೆ ಮಗ?" ಎಂದು ಕೇಳಿದಳು.

ನಮ್ಮೂರು ಬಲಗಡೆಗಿತ್ತು. ಆಚೆ ತುದಿಯ ಕಿಟಕಿಯ ಹುಡುಗ ಮೊಬೈಲ್ ನೋಡುತ್ತ ಕುಳಿತಿದ್ದ. ಅವನ ತಲೆಯ ಆಚೆಗೆ ನಂದಿ ಬೆಟ್ಟ, ಅದರ ಈಚೆಗೆ ನಮ್ಮ ತಿಮ್ಮರಾಯಸ್ವಾಮಿ ಬೆಟ್ಟ, ಅದರ ಬಳಿ ನಮ್ಮ ಮನೆ ಇರಬೇಕು. ಅವ್ವ ಕತ್ತು ಚಾಚಿದಳು. ಅವಳಿಗೆ ಕಂಡದ್ದು ಜನರ ತಲೆಗಳು. ಅಷ್ಟರಲ್ಲಿ ಚಕ್ರ ನೆಲಕ್ಕೆ ತಾಗಿತು.

ತಪ್ಪೇನು ದೊಡ್ಡದಲ್ಲ. ಆದರೂ ನನ್ನನ್ನು ಕಾಡಿದ್ದು ಇಷ್ಟು: ಅವ್ವನಿಗೆ ಒಳ್ಳೆಯದು ಯಾವುದು ಎಂಬುದನ್ನು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಪ್ರೀತಿಯಿಂದಲೇ, ಖರ್ಚು ಮಾಡಿಯೇ ತೀರ್ಮಾನಿಸಿದ್ದೆ. ಕೇಳುವುದೊಂದನ್ನು ಮಾತ್ರ ಮರೆತಿದ್ದೆ. ಪ್ರೀತಿಯಿದ್ದರೆ ಕೇಳಬೇಕಾಗಿಲ್ಲ ಎಂದು ನಾವು ನಂಬಿರುತ್ತೇವೆ. ಹಾಗೆ ನಂಬಿದವರು ಮನೆಯಲ್ಲಿರುವಂತೆ ರಾಜ್ಯವಾಳುವ ಕಡೆಯೂ ಇರುತ್ತಾರೆ.

ಸುಮಾರು 4,000 ಎಕರೆಯ ಈ ನಿಲ್ದಾಣ 2008ರಲ್ಲಿ ತೆರೆಯಿತು. ಆಮೇಲೆ ನಮ್ಮ ತಾಲ್ಲೂಕಿನ ನೆಲವನ್ನು ನಕ್ಷೆಯಲ್ಲಿ ನೋಡುವವರು ಹೆಚ್ಚಾದರು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯಲ್ಲಿ ಅವರಿಗೆ ಕೈಗಾರಿಕಾ ಪ್ರದೇಶ ಕಂಡಿತು. ಅಲ್ಲಿಯೇ ಇದ್ದವರಿಗೆ ಕಂಡದ್ದು ರಾಗಿ, ದ್ರಾಕ್ಷಿ, ಹಿಪ್ಪುನೇರಳೆ. 2022ರಲ್ಲಿ ಧರಣಿ ಕುಳಿತ ರೈತರು ಮೂರು ವರ್ಷ ಏಳಲಿಲ್ಲ. 2025ರ ಜುಲೈನಲ್ಲಿ ಸ್ವಾಧೀನ ಕೈಬಿಡುವುದಾಗಿಯೂ, ತಾವಾಗಿ ಒಪ್ಪಿ ಕೊಡುವವರಿಂದ ಮಾತ್ರ ಜಮೀನು ಪಡೆಯುವುದಾಗಿಯೂ ಮುಖ್ಯಮಂತ್ರಿಗಳು ಪ್ರಕಟಿಸಿದರು. ಮೊದಲೇ ಕೇಳಬಹುದಾಗಿದ್ದ ಮಾತನ್ನು ಕೇಳುವುದಕ್ಕೆ ಅಷ್ಟು ಕಾಲ ಹಿಡಿಯಿತು.

ಇದನ್ನು ಬರೆಯುವಾಗ ನನಗೆ ಸಂಕೋಚವೂ ಇದೆ. ಅದೇ ನಿಲ್ದಾಣದಿಂದ ನಾನೂ ಹಾರುತ್ತೇನೆ. ಅದು ಇಲ್ಲದಿದ್ದರೆ ಈ ವಯಸ್ಸಿನಲ್ಲಿ ಅವ್ವ ಕಾಶಿಯನ್ನು ಕಾಣುತ್ತಿರಲಿಲ್ಲ. ಊರಿನ ಹಿಂದಿನ ಕಥೆಯೂ ಹೊರಗಿನಿಂದ ಬಂದವರದೇ. ಬಂಡಿ ಕಟ್ಟಿಕೊಂಡು ಕಂಚಿಯ ಕಡೆಯಿಂದ ಬಂದವರು ಇಲ್ಲಿ ನೆಲೆ ನಿಂತು ಆವತಿಯ ನಾಡಪ್ರಭುಗಳಾದರೆಂದು ಹೇಳುತ್ತಾರೆ. ಆ ವಂಶದ ಯಲಹಂಕದ ಕವಲಿನ ಕೆಂಪೇಗೌಡನೇ 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದ್ದು. ಆ ಸಂಜೆ ಎಡಗಡೆ ಹೊಳೆಯುತ್ತಿದ್ದ ನಗರದ ಬೇರು ಬಲಗಡೆಯ ಕತ್ತಲೆಯಲ್ಲಿತ್ತು. ಆದ್ದರಿಂದ ನಗರ ಕೆಟ್ಟದ್ದು, ಹಳ್ಳಿ ಒಳ್ಳೆಯದು ಎಂಬ ಹಳೆಯ ಹಾಡನ್ನು ನಾನು ಹಾಡಲಾರೆ. ಎರಡು ಕಿಟಕಿಗಳೂ ಬೇಕು. ಯಾರಿಗೆ ಯಾವುದು ಎಂಬುದನ್ನು ಕೂರುವವರು ಹೇಳಬೇಕು, ಅಷ್ಟೇ.

ಇನ್ನೂ ಒಂದು ಮಾತು ಉಳಿದಿದೆ. ಆ ಹುಡುಗನನ್ನೂ ನಾನು ಕೇಳಲಿಲ್ಲ. ಬೆಲ್ಟ್ ಹಾಕಿ ಕೂರುವ ಹೊತ್ತು, ನಿಜ. ಆದರೆ ಅದಕ್ಕಿಂತ ಮುಂಚೆ ಎರಡೂವರೆ ಗಂಟೆ ನಮ್ಮ ಮುಂದಿತ್ತು. ಅವನ ಹಕ್ಕಿನ ಸೀಟನ್ನು ಕೇಳುವುದು ಸರಿಯಲ್ಲ ಎಂದುಕೊಳ್ಳುವುದು ಸುಲಭ. ಅವ್ವನಿಗೆ ಏನು ಬೇಕೆಂಬುದೇ ತಿಳಿಯದಿದ್ದಾಗ ಅವನನ್ನಾದರೂ ಏನೆಂದು ಕೇಳುವುದು?

ಈಗ ಯಾರಾದರೂ ಯಾವ ಕಡೆ ಕೂರಬೇಕೆಂದು ಕೇಳಿದರೆ, ಗಾಳಿಯ ಲೆಕ್ಕ ಹೇಳುವ ಮುನ್ನ, ಕೂರುವವರು ಯಾರು ಎಂದು ಕೇಳುತ್ತೇನೆ. ಮುಂದಿನ ಸಲ ಅವ್ವನನ್ನೂ ಕೇಳಿಯೇ ಸೀಟು ಹಿಡಿಯಬೇಕು. ಕಾಲುನೋವಿನವಳು, ಕಿಟಕಿಯೇ ಬೇಡ, ಓಡಾಡುವ ದಾರಿಯ ಪಕ್ಕದ್ದೇ ಸಾಕು ಎಂದರೂ ಎನ್ನಬಹುದು.