ಹಾಡಿನ ತಟ್ಟೆಯಲ್ಲಿ ಅಡಗಿದ ಕಾವಲು: ಹೊಣೆ ಯಾರದು?

ಸಂಗೀತದ ಮಾತು ಬಂದಾಗ ಈ ಸೀಮೆಯವರು ಅಭಿಮಾನಪಡಲು ಕಾರಣಗಳು ಬೇಕಾದಷ್ಟಿವೆ. ಕೃಷ್ಣಾ ವಾರಣಾ ಸಂಗಮದ ಹರಿಪುರವು ‘ಸಂಗೀತ ಶಾರದಾ’ ನಾಟಕದ ಕರ್ತೃ ಗೋವಿಂದ ಬಲ್ಲಾಳ ದೇವಲರು ಹುಟ್ಟಿದ ಊರು. ಪಕ್ಕದ ಮಿರಜವು ತಂಬೂರಿ ಸಿತಾರಗಳ ತವರು, ಉಸ್ತಾದ ಅಬ್ದುಲ್ ಕರೀಂ ಖಾನರು ನೆಲೆನಿಂತ ಸ್ಥಳ. ಖಾನ ಸಾಹೇಬರು 1937ರಲ್ಲಿ ತೀರಿಕೊಂಡರೂ ಅವರ ಕಂಠವು ಗ್ರಾಮೋಫೋನ್ ತಟ್ಟೆಗಳಲ್ಲಿ ಉಳಿಯಿತು. ಆ ತಟ್ಟೆಗಿದ್ದುದು ಒಂದೇ ಧರ್ಮ: ಮುಳ್ಳು ತಾಗಿದರೆ ಹಾಡುವುದು, ಮುಳ್ಳು ಎತ್ತಿದರೆ ಸುಮ್ಮನಾಗುವುದು. ಅದನ್ನು ಮನೆಗೆ ತಂದವರು ‘ಇದು ಹಾಡುವುದರ ಜೊತೆಗೆ ಗುಟ್ಟಾಗಿ ಇನ್ನೇನನ್ನೋ ಮಾಡೀತು’ ಎಂದು ಶಂಕಿಸುವ ಪ್ರಮೇಯವೇ ಇರಲಿಲ್ಲ.

ಆ ವಿಶ್ವಾಸವು ಮುರಿದುಬಿದ್ದುದು 2005ರಲ್ಲಿ, ದೂರದ ಅಮೆರಿಕದಲ್ಲಿ. ಸೋನಿ ಬಿಎಂಜಿ ಎಂಬ ಬೃಹತ್ ಧ್ವನಿಮುದ್ರಣ ಸಂಸ್ಥೆಯು ತನ್ನ ಸಿ.ಡಿ.ಗಳನ್ನು ಜನರು ಮನಬಂದಂತೆ ನಕಲು ಮಾಡಬಾರದೆಂದು, ಫಸ್ಟ್ ಫೋರ್ ಇಂಟರ್ನೆಟ್ ಎಂಬ ಬ್ರಿಟಿಷ್ ಕಂಪನಿಯು ರಚಿಸಿದ ಎಕ್ಸ್‌ಸಿಪಿ ಎಂಬ ತಂತ್ರಾಂಶವನ್ನು ಅವುಗಳಲ್ಲಿ ಸೇರಿಸಿತು. ಹಾಡು ಕೇಳಲೆಂದು ಸಿ.ಡಿ.ಯನ್ನು ಗಣಕಯಂತ್ರಕ್ಕೆ ಹಾಕಿದಾಗ ಒಂದು ಒಪ್ಪಂದಪತ್ರವು ತೆರೆಯ ಮೇಲೆ ಮೂಡುತ್ತಿತ್ತು. ಗ್ರಾಹಕನು ‘ಒಪ್ಪಿದೆ’ ಎಂದೊಡನೆ ಆ ತಂತ್ರಾಂಶವು ಯಂತ್ರದ ಅಂತರಾಳಕ್ಕೆ ಇಳಿದು, ತನ್ನ ಕಡತಗಳನ್ನು ಯಂತ್ರದ ಒಡೆಯನ ಕಣ್ಣಿಗೂ ಕಾಣದಂತೆ ಮರೆಮಾಡಿಕೊಳ್ಳುತ್ತಿತ್ತು. ಹೀಗೆ ಅಡಗಿ ಕುಳಿತುಕೊಳ್ಳುವ ವಿದ್ಯೆಗೆ ತಂತ್ರಜ್ಞರು ‘ರೂಟ್‌ಕಿಟ್’ ಎನ್ನುತ್ತಾರೆ; ಅದು ಸಾಮಾನ್ಯವಾಗಿ ಕನ್ನಗಳ್ಳರ ವಿದ್ಯೆ. ಅಡಗಿಕೊಳ್ಳುವ ಸಂಗತಿ ಒಪ್ಪಂದಪತ್ರದಲ್ಲಿ ಇರಲಿಲ್ಲ. ತೆಗೆದುಹಾಕುವ ದಾರಿಯನ್ನೂ ಇಟ್ಟಿರಲಿಲ್ಲ. ಬಲವಂತವಾಗಿ ಕಿತ್ತುಹಾಕಲು ಹೋದರೆ ಸಿ.ಡಿ. ಓದುವ ಭಾಗವೇ ಕೆಲಸ ನಿಲ್ಲಿಸುವ ಭಯವಿತ್ತು.

2005ರ ಅಕ್ಟೋಬರ್ 31ರಂದು ಮಾರ್ಕ್ ರುಸಿನೋವಿಚ್ ಎಂಬ ತಂತ್ರಜ್ಞರು ತಮ್ಮ ಗಣಕಯಂತ್ರದಲ್ಲೇ ಇದನ್ನು ಪತ್ತೆಹಚ್ಚಿ ಬಹಿರಂಗಪಡಿಸಿದರು. ಅದಕ್ಕೂ ಮೊದಲೇ, ಅದೇ ತಿಂಗಳ ಆರಂಭದಲ್ಲಿ, ಎಫ್-ಸೆಕ್ಯೂರ್ ಎಂಬ ಗಣಕರಕ್ಷಣಾ ಸಂಸ್ಥೆಯು ಸೋನಿ ಬಿಎಂಜಿಗೆ ಎಚ್ಚರಿಕೆ ನೀಡಿತ್ತು. ಸುದ್ದಿ ಹಬ್ಬಿದ ಕೆಲವೇ ದಿನಗಳಲ್ಲಿ ಬೇರೆ ದುಷ್ಕರ್ಮಿಗಳು ಇದೇ ಮರೆಯನ್ನು ಬಳಸಿ ತಮ್ಮ ವೈರಸ್‌ಗಳನ್ನು ಅಡಗಿಸತೊಡಗಿದರು. ಅದನ್ನು ಅಳಿಸಲೆಂದು ಸಂಸ್ಥೆಯು ಒದಗಿಸಿದ ಉಪಾಯವೂ ಯಂತ್ರದಲ್ಲಿ ಹೊಸದೊಂದು ಬಿರುಕನ್ನು ಬಿಟ್ಟುಹೋಗುತ್ತಿತ್ತೆಂದು ವಿದ್ವಾಂಸರು ತೋರಿಸಿಕೊಟ್ಟರು. 52 ಶೀರ್ಷಿಕೆಗಳ ಸಿ.ಡಿ.ಗಳಲ್ಲಿ ಈ ತಂತ್ರಾಂಶವಿತ್ತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಆಗಲೇ ಜನರ ಮನೆ ಸೇರಿದ್ದವು. ನವೆಂಬರ್ ಮಧ್ಯದ ಹೊತ್ತಿಗೆ ಸಂಸ್ಥೆಯು ಅವನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು.

ಇಲ್ಲಿ ನ್ಯಾಯವಾಗಿ ಮೊದಲು ಕೇಳಬೇಕಾದುದು ಸಂಸ್ಥೆಯ ಪರವಾದ ಮಾತನ್ನೇ. ನಕಲು ಮಾಡುವುದು ಕಲಾವಿದನ ಅನ್ನಕ್ಕೆ ಕೈಹಾಕುವ ಕೆಲಸವೆಂಬುದು ಸುಳ್ಳಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಸಂತೆಪೇಟೆಗಳಲ್ಲಿ ಮಾರಾಟವಾದ ಕಳ್ಳಪ್ರತಿಗಳಿಂದ ಹಾಡಿದವರಿಗೆ ಬಿಡಿಗಾಸೂ ಸೇರಲಿಲ್ಲವೆಂಬುದನ್ನು ನಾವು ಬಲ್ಲೆವು. ಸ್ವತ್ತಿನ ಒಡೆಯನಿಗೆ ಅದನ್ನು ಕಾಯುವ ಹಕ್ಕಿದೆ. ಹೊಲವಿದ್ದಲ್ಲಿ ಬೇಲಿ ಬೇಕು. ಆದರೆ ತನ್ನ ಬಾಗಿಲಿಗೆ ಬೀಗ ಹಾಕುವುದು ಬೇರೆ, ಪರರ ಮನೆಯೊಳಗೆ ಅವರಿಗೆ ತಿಳಿಯದಂತೆ ಕಾವಲುಗಾರನನ್ನು ಅಡಗಿಸಿಡುವುದು ಬೇರೆ. ಹಾಡು ನಿಮ್ಮದಿರಬಹುದು, ಗಣಕಯಂತ್ರ ನಿಮ್ಮದಲ್ಲ ಎಂಬರ್ಥದ ಮಾತನ್ನು ಆಗ ಅಮೆರಿಕ ಸರಕಾರದ ಅಧಿಕಾರಿಯೊಬ್ಬರೇ ಆಡಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆ ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ: ಈ ಬೇಲಿಯು ನೆರೆಯವನ ಹೊಲವನ್ನು ಮೇಯ್ದಿತು. ಅದಕ್ಕಿಂತಲೂ ವಿಪರ್ಯಾಸವೆಂದರೆ, ಕೃತಿಸ್ವಾಮ್ಯದ ರಕ್ಷಣೆಗೆಂದು ಹುಟ್ಟಿದ ಆ ತಂತ್ರಾಂಶದೊಳಗೇ ಅನ್ಯರು ಬರೆದ ತಂತ್ರಾಂಶದ ತುಣುಕುಗಳು ಅವರ ಷರತ್ತುಗಳನ್ನು ಮೀರಿ ಸೇರಿಕೊಂಡಿದ್ದವು.

ಹರಿಪುರದವರಿಗೆ ಇದರ ಮರ್ಮವನ್ನು ವಿವರಿಸಲು ದೂರದ ದೃಷ್ಟಾಂತ ಬೇಕಿಲ್ಲ. ಇಲ್ಲಿಯ ಅರಿಸಿನದ ಹಗೇವುಗಳು ಪ್ರಸಿದ್ಧವಾಗಿದ್ದವು. ನೆಲದೊಳಗಿನ ಹಗೇವಿನಲ್ಲಿ ಅರಿಸಿನವನ್ನು ತುಂಬಿ ಬಾಯಿ ಮುಚ್ಚಿದ ಮೇಲೆ ಸರಕಿನ ಒಡೆಯನ ಕಣ್ಣಿಗೆ ಕಾಣುತ್ತಿದ್ದುದು ಬರಿಯ ಮಣ್ಣು. ತಿಂಗಳುಗಟ್ಟಲೆ ಅವನ ಬಂಡವಾಳವೆಲ್ಲ ಅಡಗಿರುತ್ತಿದ್ದುದು ಹಗೇವಿನ ಒಡೆಯನ ಪ್ರಾಮಾಣಿಕತೆಯಲ್ಲಿ. ಕಣ್ಣು ನಿಲುಕದ ಸ್ಥಳದಲ್ಲಿ ವ್ಯವಹಾರ ನಡೆಯುತ್ತಿದ್ದುದರಿಂದಲೇ ಅಲ್ಲಿ ಮಾತಿನ ಬೆಲೆ ಹೆಚ್ಚಾಗಿತ್ತು. ಗಣಕಯಂತ್ರದ ಒಳಗೂ ನಮಗೊಂದು ಹಗೇವು. ಅದರೊಳಗೆ ಏನು ನಡೆದಿದೆಯೆಂಬುದನ್ನು ನೂರಕ್ಕೆ ತೊಂಬತ್ತೊಂಬತ್ತು ಜನ ನೋಡಲಾರರು.

ಸೋನಿ ಬಿಎಂಜಿಯ ಉನ್ನತಾಧಿಕಾರಿ ಥಾಮಸ್ ಹೆಸ್ಸೆಯವರು ಆ ದಿನಗಳಲ್ಲಿ ರೇಡಿಯೋ ಸಂದರ್ಶನವೊಂದರಲ್ಲಿ, ರೂಟ್‌ಕಿಟ್ ಎಂದರೇನೆಂದೇ ಬಹುತೇಕ ಜನರಿಗೆ ತಿಳಿಯದಿರುವಾಗ ಅವರು ಅದರ ಗೊಡವೆಗೆ ಏಕೆ ಹೋಗಬೇಕು ಎಂಬ ಅಭಿಪ್ರಾಯವನ್ನು ಆಡಿದರು. ಇಡೀ ಪ್ರಕರಣದ ನೈತಿಕ ದೋಷವು ಈ ಒಂದು ಮಾತಿನಲ್ಲಿ ಘನೀಭವಿಸಿದೆ. ಗ್ರಾಹಕನ ಅಜ್ಞಾನವು ಮಾರುವವನ ಹೊಣೆಯನ್ನು ಹಗುರಗೊಳಿಸುವುದೋ, ಭಾರಗೊಳಿಸುವುದೋ? ವೈದ್ಯನ ಮುಂದೆ ರೋಗಿ, ವಕೀಲನ ಮುಂದೆ ಕಕ್ಷಿದಾರ, ಹಗೇವಿನ ಒಡೆಯನ ಮುಂದೆ ರೈತ: ಇವರೆಲ್ಲರ ವಿಷಯದಲ್ಲಿ ನಮ್ಮ ಸಮಾಜವು ಒಂದೇ ಉತ್ತರ ಕೊಟ್ಟಿದೆ. ತಿಳಿಯದವನ ಎದುರಿನಲ್ಲಿ ತಿಳಿದವನ ಹೊಣೆ ಇಮ್ಮಡಿಯಾಗುತ್ತದೆ.

ಹಾಗಾದರೆ ತಪ್ಪಿತಸ್ಥರಾರು? ಕಂಪನಿಗೆ ಕಾನೂನು ‘ವ್ಯಕ್ತಿ’ಯ ಸ್ಥಾನವನ್ನು ಕೊಟ್ಟಿದೆ. ಅದು ಆಸ್ತಿಯನ್ನು ಹೊಂದುತ್ತದೆ, ದಾವೆ ಹೂಡುತ್ತದೆ, ಲಾಭ ಗಳಿಸುತ್ತದೆ. ಆದರೆ ಅದಕ್ಕೆ ನಾಚಿಕೆಯಿಂದ ಬಾಗುವ ತಲೆಯಿಲ್ಲ, ಪಶ್ಚಾತ್ತಾಪದಿಂದ ನಿದ್ದೆಗೆಡುವ ರಾತ್ರಿಗಳಿಲ್ಲ. ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವುದಕ್ಕೆ ಮೊದಲು ಮಾಡಿದವನೊಬ್ಬ ಬೇಕಷ್ಟೆ? ಹಲವು ಕೈಗಳು ಕೂಡಿ ಮಾಡಿದ ಕೆಲಸದಲ್ಲಿ ಪ್ರತಿಯೊಂದು ಕೈಯೂ ಇನ್ನೊಂದನ್ನು ತೋರಿಸುತ್ತದೆ. ಸೋನಿ ಬಿಎಂಜಿಯು ಬಳಸಿದ ಮೀಡಿಯಾಮ್ಯಾಕ್ಸ್ ಎಂಬ ಇನ್ನೊಂದು ತಂತ್ರಾಂಶದ ಕುರಿತು, ಅದನ್ನು ಒದಗಿಸಿದ ಸಂಸ್ಥೆಯ ಮೇಲೆ 2007ರಲ್ಲಿ ಸೋನಿ ಬಿಎಂಜಿಯೇ ದಾವೆ ಹೂಡಿತು. 2008ರಲ್ಲಿ ಸೋನಿಯು ಪಾಲುದಾರನ ಭಾಗವನ್ನು ಕೊಂಡುಕೊಂಡ ಮೇಲೆ ‘ಸೋನಿ ಬಿಎಂಜಿ’ ಎಂಬ ಹೆಸರೂ ಮರೆಯಾಯಿತು.

ನಮ್ಮ ಪರಂಪರೆಯು ಈ ತೊಡಕನ್ನು ಬಹಳ ಹಿಂದೆಯೇ ಕಂಡಿತ್ತು. ಮಾಡಿದವನು, ಮಾಡಿಸಿದವನು, ಪ್ರೇರೇಪಿಸಿದವನು, ಅನುಮೋದಿಸಿದವನು, ಈ ನಾಲ್ವರೂ ಒಳಿತು ಕೆಡುಕುಗಳ ಫಲದಲ್ಲಿ ಸಮಭಾಗಿಗಳೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಅಳತೆಗೋಲಿನಿಂದ ನೋಡಿದರೆ ತಂತ್ರಾಂಶ ಬರೆದವರು ಮಾಡಿದವರು. ಹಣಕೊಟ್ಟು ಅದನ್ನು ತರಿಸಿಕೊಂಡವರು ಮಾಡಿಸಿದವರು. ಹೇಗಾದರೂ ನಕಲು ನಿಲ್ಲಬೇಕೆಂದು ಒತ್ತಾಯಿಸಿದವರು ಪ್ರೇರಕರು. ಎಚ್ಚರಿಕೆ ಬಂದ ಮೇಲೂ ಸುಮ್ಮನಿದ್ದವರು ಅನುಮೋದಕರು. ಹೊಣೆಯು ಹಂಚಿಕೊಂಡಷ್ಟೂ ತೆಳುವಾಗುವ ಮಜ್ಜಿಗೆಯಲ್ಲ. ಪ್ರತಿಯೊಬ್ಬನಿಗೂ ಅದು ಪೂರ್ತಿಯಾಗಿಯೇ ಸಲ್ಲುತ್ತದೆ.

‘ಒಪ್ಪಿದೆ’ ಎಂದ ಗ್ರಾಹಕನೂ ಅನುಮೋದಕನಲ್ಲವೆ ಎಂದು ಯಾರಾದರೂ ಕೇಳಬಹುದು. ಅಲ್ಲ. ತಿಳಿಸದೆ ಪಡೆದ ಒಪ್ಪಿಗೆಯು ಒಪ್ಪಿಗೆಯಲ್ಲ. ಮೀಡಿಯಾಮ್ಯಾಕ್ಸ್ ಅಂತೂ ‘ಒಪ್ಪುವುದಿಲ್ಲ’ ಎಂದವರ ಯಂತ್ರದಲ್ಲಿಯೂ ತನ್ನ ಕಡತಗಳನ್ನು ಬಿಟ್ಟುಹೋಗುತ್ತಿತ್ತು. ಅಂದಮೇಲೆ ಅಲ್ಲಿ ಪ್ರಶ್ನೆಯೇ ಬರಿಯ ನಾಟಕ.

ಸಂಸ್ಥೆಯು ಏನನ್ನೂ ಮಾಡಲಿಲ್ಲವೆನ್ನುವುದು ಅನ್ಯಾಯವಾದೀತು. 2006ರ ನ್ಯಾಯಾಲಯದ ರಾಜಿಯಂತೆ ಎಕ್ಸ್‌ಸಿಪಿ ಸಿ.ಡಿ. ಕೊಂಡವರಿಗೆ ಬದಲಿ ಸಿ.ಡಿ.ಯೂ, ಅದರೊಡನೆ 7.50 ಡಾಲರ್ ಹಾಗೂ ಒಂದು ಆಲ್ಬಂ, ಅಥವಾ ಹಣದ ಬದಲು ಮೂರು ಆಲ್ಬಂಗಳು ದೊರೆತವು. 2007ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನೊಂದಿಗೆ ಆದ ಒಪ್ಪಂದದ ಪ್ರಕಾರ, ಯಂತ್ರ ಕೆಟ್ಟವರಿಗೆ ದುರಸ್ತಿಗಾಗಿ 150 ಡಾಲರಿನವರೆಗೆ ಪರಿಹಾರ ಸಲ್ಲಬೇಕಾಯಿತು. ಆದರೆ ಇಂಥ ಒಪ್ಪಂದಗಳ ವಾಡಿಕೆಯಂತೆ ಅದು ಕಾನೂನು ಮುರಿದೆವೆಂಬ ಒಪ್ಪಿಗೆಯಾಗಿರಲಿಲ್ಲ. ಪರಿಹಾರವು ಹಾನಿಯನ್ನು ತುಂಬಿಕೊಡುತ್ತದೆ. ಹೊಣೆಗಾರಿಕೆಯು ‘ಇದನ್ನು ಮಾಡಿದವರು ನಾವು’ ಎಂದು ನುಡಿಯುತ್ತದೆ. ಮೊದಲನೆಯದನ್ನು ಲೆಕ್ಕದ ಪುಸ್ತಕದಲ್ಲಿ ಖರ್ಚೆಂದು ಬರೆದು ಮರೆಯಬಹುದು. ಎರಡನೆಯದನ್ನು ಮರೆಯಲಾಗದು, ಅದಕ್ಕೆಂದೇ ಅದು ದುಬಾರಿ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮು, ಒಡೆಯನ ಅನುಮತಿಯಿಲ್ಲದೆ ಆತನ ಗಣಕಯಂತ್ರಕ್ಕೆ ಮಾಲಿನ್ಯಕಾರಕ ತಂತ್ರಾಂಶವನ್ನು ಸೇರಿಸಿದವನನ್ನು ಪರಿಹಾರಕ್ಕೆ ಬಾಧ್ಯನನ್ನಾಗಿಸುತ್ತದೆ. ಅದೇ ಕಾಯ್ದೆಯ 85ನೆಯ ಕಲಮು ಇನ್ನೂ ಮುಖ್ಯವಾದುದು: ತಪ್ಪು ಕಂಪನಿಯದಾದಾಗ, ಆ ಹೊತ್ತಿನಲ್ಲಿ ವ್ಯವಹಾರದ ಉಸ್ತುವಾರಿ ಹೊತ್ತ ವ್ಯಕ್ತಿಗಳನ್ನೂ ಅದು ತಪ್ಪಿತಸ್ಥರೆಂದೇ ಎಣಿಸುತ್ತದೆ, ತಮಗೆ ತಿಳಿದಿರಲಿಲ್ಲ, ಅಥವಾ ತಕ್ಕ ಎಚ್ಚರಿಕೆ ವಹಿಸಿದ್ದೆವು ಎಂಬುದನ್ನು ಅವರೇ ಸಿದ್ಧಪಡಿಸಬೇಕು. ಇನ್ನು 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗವನ್ನು ಮುರಿದವನಿಗೆ ಎರಡು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿದೆ. ಬೀಗ ಮುರಿದವನಿಗೆ ಶಿಕ್ಷೆಯಿರಲಿ. ಆದರೆ ಬೀಗದ ನೆಪದಲ್ಲಿ ಮನೆಯನ್ನೇ ಕೆಡಿಸಿದವನ ವಿಚಾರಣೆಯೂ ಅಷ್ಟೇ ಕಟ್ಟುನಿಟ್ಟಾಗಿ ನಡೆದಾಗ ಮಾತ್ರ ತಕ್ಕಡಿ ಸಮನಾಗುತ್ತದೆ.

ಸಿ.ಡಿ.ಗಳ ಕಾಲ ಮುಗಿಯುತ್ತ ಬಂದಿದೆ. ಆದರೆ ‘ಒಪ್ಪಿದೆ’ ಎಂಬ ಗುಂಡಿಯು ಈಗ ಪ್ರತಿ ಮನೆಯ ಮೊಬೈಲಿನಲ್ಲಿದೆ. ಅಜ್ಜಿಯೂ ಒತ್ತುತ್ತಾಳೆ, ಮೊಮ್ಮಗನೂ ಒತ್ತುತ್ತಾನೆ. ಅದರ ಹಿಂದೆ ಏನಿದೆಯೆಂದು ಎಲ್ಲರೂ ತಂತ್ರಜ್ಞರಾಗಿ ಪರೀಕ್ಷಿಸುವುದು ಸಾಧ್ಯವಿಲ್ಲ, ಆ ಭಾರವನ್ನು ನಮ್ಮ ಮೇಲೆ ಹೊರಿಸುವುದು ನ್ಯಾಯವೂ ಅಲ್ಲ. ನಾವು ಮಾಡಬಹುದಾದುದು ಇಷ್ಟು: ಹಾನಿಯಾದಾಗ ‘ನಮಗೇನು ತಿಳಿಯುತ್ತದೆ’ ಎಂದು ಹಿಂದೆ ಸರಿಯದೆ, ‘ನಮಗೆ ತಿಳಿಯದೆಂದೇ ನಿಮ್ಮನ್ನು ನಂಬಿದೆವು, ಈಗ ಉತ್ತರ ಹೇಳಿರಿ’ ಎಂದು ಕೇಳುವುದು, ಆ ಉತ್ತರವನ್ನು ಕಂಪನಿಯ ಮುದ್ರೆಯಿಂದಲ್ಲ, ಹೆಸರುಳ್ಳ ಮನುಷ್ಯರ ಬಾಯಿಂದ ಕೇಳುವುದು. ಹಾಡು ಹಾಡಿದವನ ಹೆಸರು ತಟ್ಟೆಯ ಮೇಲೆ ಅಚ್ಚಾಗಿರುತ್ತದೆ. ಅದರೊಳಗೆ ಬೇರೇನನ್ನಾದರೂ ಇಟ್ಟವನ ಹೆಸರೂ ಹಾಗೆಯೇ ಬೆಳಕಿನಲ್ಲಿರಬೇಕೆನ್ನುವುದು ಅತಿಯಾದ ಬೇಡಿಕೆಯಲ್ಲ.